ಕೆಂಡ, ಶೂಲ ಮತ್ತು ಕಾಡುಹಕ್ಕಿ

ಕಬಾಬ್ ಎಂಬ ಹೆಸರನ್ನು ಕೇಳದ ವಿದ್ಯಾರ್ಥಿ ಇರಲಾರರು. ಸಂಜೆಯಾಯಿತೆಂದರೆ ನಮ್ಮ ಊರುಗಳ ಬೀದಿ ತಿರುವುಗಳಲ್ಲಿ ಇದ್ದಿಲ ಒಲೆ ಹೊತ್ತಿಕೊಳ್ಳುತ್ತದೆ, ಕಂಬಿಗಳು ಸಾಲಾಗುತ್ತವೆ. ಮಾಂಸ ತಿನ್ನದವರಿಗೂ ಆ ಹೊಗೆಯ ಪರಿಚಯ ಇದ್ದೇ ಇರುತ್ತದೆ. ಇದು ಎಲ್ಲಿಂದ ಬಂತು ಎಂದು ತರಗತಿಯಲ್ಲಿ ಕೇಳಿ ನೋಡಿ. "ಮೊಗಲರು ತಂದರು" ಎಂಬ ಉತ್ತರ ತಕ್ಷಣ ಬರುತ್ತದೆ.

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಹೆಸರು ಹೊರಗಿನದು, ನಿಜ. ಆದರೆ ಹೆಸರು ಬಂದ ದಾರಿ ಬೇರೆ, ಕೆಲಸ ಬಂದ ದಾರಿ ಬೇರೆ. ಮಾಂಸವನ್ನು ಕೊಚ್ಚಿ ಅಥವಾ ತುಂಡರಿಸಿ, ಕಂಬಿಗೆ ಸಿಕ್ಕಿಸಿ, ಕೆಂಡದ ಮೇಲೆ ಸುಡುವ ಕೆಲಸ ನಮ್ಮ ನಾಡಿನಲ್ಲಿ ಯಾವಾಗಿನಿಂದ ಇದೆ? ಆ ಕಂಬಿಯ ಮೇಲಿದ್ದ ಕಾಡುಹಕ್ಕಿ ಈಗ ಎಲ್ಲಿದೆ? ಈ ಎರಡು ಪ್ರಶ್ನೆಗಳನ್ನು ನಾವು ಜತೆಯಾಗಿ ನೋಡೋಣ. ಮೊದಲನೆಯ ಪ್ರಶ್ನೆಗೆ ಹಳೆಯ ಗ್ರಂಥಗಳು ಉತ್ತರ ಹೇಳುತ್ತವೆ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮ ನೆರವೂ ಬೇಕು.

ಮಾತಿನೊಳಗಿನ ಇತಿಹಾಸ

ಒಂದು ಅಡಿಗೆಯ ಇತಿಹಾಸವನ್ನು ತಿಳಿಯಲು ಮೊದಲ ಆಕರವೆಂದರೆ ಮಾತು. ಕಬಾಬ್ ಎಂಬುದು ಅರಬ್ಬಿ ಮತ್ತು ಪಾರಸಿ ಭಾಷೆಗಳ ಮೂಲಕ ಬಂದ ಪದ. ಕಂಬಿಗೆ ಹೇಳುವ ಸೀಖ್ ಪಾರಸಿಯದು. ಕೋಫ್ತಾ ಎಂಬ ಪದದ ಹಿಂದೆ ಕುಟ್ಟುವುದು ಎಂಬ ಅರ್ಥದ ಪಾರಸಿ ಧಾತುವಿದೆ. ಕೀಮಾ ಎಂಬುದು ತುರ್ಕಿ ಮೂಲದ್ದು. ಇಷ್ಟು ಪದಗಳನ್ನು ಸಾಲಾಗಿ ಇಟ್ಟಾಗ ಇಡೀ ಅಡಿಗೆಯೇ ಪಶ್ಚಿಮದಿಂದ ಬಂದಿತೆಂದು ತೋರುವುದು ಸಹಜ.

ಆದರೆ ಸಂಸ್ಕೃತ ಓದುವ ವಿದ್ಯಾರ್ಥಿಗಳು ಅಮರಕೋಶವನ್ನು ತೆರೆದು ನೋಡಬೇಕು. ಶೂಲಕ್ಕೆ ಚುಚ್ಚಿ ಬೇಯಿಸಿದ ಮಾಂಸಕ್ಕೆ ಅಲ್ಲಿ ಶೂಲ್ಯ, ಭಟಿತ್ರ ಎಂಬ ಹೆಸರುಗಳಿವೆ. ಪಾತ್ರೆಯಲ್ಲಿ ಬೇಯಿಸಿದ್ದಕ್ಕೆ ಉಖ್ಯ, ಪೈಠರ ಎಂಬ ಬೇರೆ ಹೆಸರುಗಳಿವೆ. ಅಂದರೆ ಮೊಗಲರಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಪಾತ್ರೆಯ ಅಡಿಗೆ ಬೇರೆ, ಶೂಲದ ಅಡಿಗೆ ಬೇರೆ ಎಂದು ಗುರುತಿಸುವಷ್ಟು ಈ ಕೆಲಸ ಬಳಕೆಯಲ್ಲಿತ್ತು. ಬಳಕೆಯಲ್ಲಿಲ್ಲದ ವಸ್ತುವಿಗೆ ಯಾರೂ ಎರಡೆರಡು ಹೆಸರು ಕೊಡುವುದಿಲ್ಲ.

ಕಲ್ಯಾಣದ ಅರಸನ ಅಡಿಗೆಮನೆ

ಎರಡನೆಯ ಆಕರ ಗ್ರಂಥ. ಈ ವಿಷಯದಲ್ಲಿ ಕರ್ನಾಟಕ ಬಹಳ ಭಾಗ್ಯಶಾಲಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಕ್ರಿ.ಶ. 1126ರಿಂದ 1138ರವರೆಗೆ ಆಳಿದ. ಅವನ ರಾಜಧಾನಿ ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣ. 1129ರ ಸುಮಾರಿಗೆ ಅವನ ಹೆಸರಿನಲ್ಲಿ ಸಂಸ್ಕೃತದಲ್ಲಿ ಒಂದು ವಿಶ್ವಕೋಶ ಸಿದ್ಧವಾಯಿತು. ಅದೇ ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು ಅಧ್ಯಾಯಗಳು. ರಾಜನೀತಿ, ವಾಸ್ತು, ವೈದ್ಯ, ಸಂಗೀತ, ಚಿತ್ರಕಲೆ, ಆನೆ ಕುದುರೆಗಳ ಲಕ್ಷಣ ಇವೆಲ್ಲದರ ನಡುವೆ ಅನ್ನಭೋಗ ಎಂಬ ಅಡಿಗೆಯ ಅಧ್ಯಾಯವೂ ಇದೆ. ಇಪ್ಪತ್ತನೆಯ ಶತಮಾನದಲ್ಲಿ ಇದು ಅಚ್ಚಾಗಿ ಹೊರಬಂದಿತು. ಬರೋಡಾದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದರ ಮೊದಲ ಸಂಪುಟ 1925ರಲ್ಲಿ ಪ್ರಕಟವಾಯಿತು. ಮರುವರ್ಷವೇ ಮೈಸೂರಿನಲ್ಲಿ, ಅರ್ಥಶಾಸ್ತ್ರದಿಂದ ಪ್ರಸಿದ್ಧರಾದ ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ ಇದರ ಒಂದು ಭಾಗ ಹೊರಬಂದಿತು.

ಅನ್ನಭೋಗದಲ್ಲಿ ಇಡ್ಡರಿಕೆ, ದೋಸಕ ಮುಂತಾದ ಹೆಸರುಗಳನ್ನು ಕಂಡು ನಾವು ಹಿಗ್ಗುತ್ತೇವೆ. ಅವು ನಮ್ಮ ಇಡ್ಲಿ, ದೋಸೆಗಳ ಹಿರಿಯರು. ಆದರೆ ಅದೇ ಅಧ್ಯಾಯದಲ್ಲಿ ಮಾಂಸದ ಪಾಕಗಳೂ ವಿವರವಾಗಿ ಬರುತ್ತವೆ. ಸಂಬಾರ ಬೆರೆಸಿದ ಮಾಂಸದ ತುಂಡುಗಳನ್ನು ಶೂಲಕ್ಕೆ ಪೋಣಿಸಿ ಕೆಂಡದ ಮೇಲೆ ಸುಡುವ ಪಾಕಕ್ಕೆ ಭಡಿತ್ರಕ ಎಂದು ಹೆಸರು. ಅಮರಕೋಶದ ಭಟಿತ್ರವೇ ಇಲ್ಲಿ ಸ್ವಲ್ಪ ರೂಪ ಬದಲಿಸಿ ನಿಂತಿದೆ. ಪಿತ್ತಜನಕಾಂಗವನ್ನು ಅಡಿಕೆಯ ಗಾತ್ರಕ್ಕೆ ಕತ್ತರಿಸಿ, ಕೆಂಡದಲ್ಲಿ ಸುಟ್ಟು, ಮೊಸರಿನಲ್ಲಿ ಅಥವಾ ಸಾಸಿವೆಯ ರಸದಲ್ಲಿ ಹಾಕುವ ಕ್ರಮವೂ ಇದೆ. ಗಾತ್ರ ಹೇಳಲು ಅಡಿಕೆಯ ಉಪಮೆ! ಸಾಗರ, ಹೊಸನಗರ, ತೀರ್ಥಹಳ್ಳಿಗಳ ಓದುಗರಿಗೆ ಈ ಅಳತೆಯನ್ನು ಬಿಡಿಸಿ ಹೇಳಬೇಕಿಲ್ಲ. ನುಣ್ಣಗೆ ಕೊಚ್ಚಿ ಅರೆದ ಮಾಂಸವನ್ನು ಟೊಳ್ಳು ಮಾಡಿದ ಬದನೆಕಾಯಿಯೊಳಗೆ ತುಂಬಿ ಬೇಯಿಸುವ ಪೂರಭಟ್ಟಕ ಎಂಬ ಪಾಕವೂ ಅಲ್ಲಿದೆ. ಹೀಗೆ ಶೂಲ, ಕೆಂಡ, ಕೊಚ್ಚಿದ ಮಾಂಸ ಈ ಮೂರೂ ಒಂದೇ ಅಡಿಗೆಮನೆಯಲ್ಲಿ ಸೇರಿದ್ದವು.

ಇನ್ನು ಹಕ್ಕಿ. ಮಾನಸೋಲ್ಲಾಸದ ನಾಲ್ಕನೆಯ ವಿಂಶತಿ ವಿನೋದಗಳಿಗೆ ಮೀಸಲು. ಅದರಲ್ಲಿ ಮೃಗಯಾವಿನೋದ ಎಂಬ ಬೇಟೆಯ ಅಧ್ಯಾಯವಿದೆ. ಗಿಡುಗವನ್ನು ಪಳಗಿಸಿ ಹಕ್ಕಿ ಹಿಡಿಸುವ ಶ್ಯೇನವಿನೋದ ಎಂಬ ಅಧ್ಯಾಯವೂ ಇದೆ. ಬೇಟೆಯ ಅಧ್ಯಾಯವನ್ನೂ ಅಡಿಗೆಯ ಅಧ್ಯಾಯವನ್ನೂ ಒಟ್ಟಿಗೆ ಇಟ್ಟು ಓದಿದರೆ, ಅರಸನ ತಟ್ಟೆಗೆ ಕಾಡಿನಿಂದ ನೇರವಾಗಿ ಒಂದು ದಾರಿ ಇತ್ತೆಂಬುದು ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಾನಸೋಲ್ಲಾಸ ಒಬ್ಬ ಚಕ್ರವರ್ತಿಯ ಭೋಗಗಳ ಪುಸ್ತಕ. ಆಗಿನ ಒಕ್ಕಲಿಗ ಏನು ತಿಂದ, ಕುರುಬ ಏನು ತಿಂದ ಎಂಬುದನ್ನು ಅದು ಹೇಳುವುದಿಲ್ಲ. ಹಕ್ಕಿಯ ಎಲುಬು ತೆಳು ಮತ್ತು ಟೊಳ್ಳು. ಅದು ಮಣ್ಣಿನಲ್ಲಿ ಬೇಗ ನಶಿಸುವುದರಿಂದ ಉತ್ಖನನದಲ್ಲೂ ದನ, ಕುರಿಗಳ ಎಲುಬಿನಷ್ಟು ಸಿಗುವುದಿಲ್ಲ. ಬಡವನ ಕೆಂಡದ ಮೇಲಿನ ಹಕ್ಕಿ ಗ್ರಂಥಕ್ಕೂ ಸಿಗಲಿಲ್ಲ, ಮಣ್ಣಿನಲ್ಲೂ ಉಳಿಯಲಿಲ್ಲ. ಇತಿಹಾಸದ ವಿದ್ಯಾರ್ಥಿ ಈ ಮೌನವನ್ನೂ ಓದಲು ಕಲಿಯಬೇಕು.

ಹೆಸರು ಬಂದ ಕಾಲ

ಸೋಮೇಶ್ವರನಿಗೆ ಸುಮಾರು ಮುನ್ನೂರು ವರ್ಷಗಳ ನಂತರ, ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ, ಬಹಮನಿ ಸುಲ್ತಾನರು ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಸಾಗಿಸಿದರು. ಕಲ್ಯಾಣವೂ ಬೀದರ್ ಕೋಟೆಯೂ ಇಂದು ಒಂದೇ ಜಿಲ್ಲೆಯಲ್ಲಿವೆ. ಪಾರಸಿ ಆಡಳಿತದ ಭಾಷೆಯಾಯಿತು. ಅದರ ಜತೆಗೆ ಪಾರಸಿ ಅಡಿಗೆಯ ಹೆಸರುಗಳೂ ಬಂದವು. ಸುಮಾರು 1500ರ ಹೊತ್ತಿಗೆ ಮಾಳವದ ಮಾಂಡುವಿನಲ್ಲಿ, ಸುಲ್ತಾನ ಗಿಯಾಸುದ್ದೀನನಿಗಾಗಿ ನಿಅಮತ್‌ನಾಮಾ ಎಂಬ ಸಚಿತ್ರ ಪಾಕಗ್ರಂಥ ಸಿದ್ಧವಾಯಿತು. ಅದರ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಕಬಾಬುಗಳು, ಕೊಚ್ಚಿದ ಮಾಂಸ ತುಂಬಿದ ಸಮೋಸಗಳು, ಬೇಟೆಗೆ ಹೊರಟಾಗ ಜತೆಗೆ ಒಯ್ಯಬೇಕಾದ ಸಾಮಗ್ರಿ ಎಲ್ಲವೂ ಅದರಲ್ಲಿವೆ. ಬಾಬರ್ ಪಾಣಿಪತ್ತಿನಲ್ಲಿ ಗೆದ್ದದ್ದು 1526ರಲ್ಲಿ ಎಂಬುದನ್ನು ನೆನಪಿಸಿಕೊಳ್ಳಿ. ಮೊಗಲರು ಬರುವ ಮೊದಲೇ ಕಬಾಬ್ ಎಂಬ ಹೆಸರೂ ಇಲ್ಲಿಗೆ ಬಂದಾಗಿತ್ತು.

ಹಾಗಾದರೆ ಹೊಸಬರು ತಂದದ್ದೇನೂ ಇಲ್ಲವೆ? ಹಾಗೆನ್ನುವುದೂ ತಪ್ಪು. ಹೊಸ ಸುವಾಸನೆಗಳು, ಒಣಹಣ್ಣುಗಳು, ಅರೆಯುವ ಮತ್ತು ನೆನೆಸುವ ಹೊಸ ಕ್ರಮಗಳು ಬಂದವು. ಹಳೆಯ ಕೆಂಡದ ಮೇಲೆ ಹೊಸ ರುಚಿ ಕೂತಿತು. ನಂತರ ಪೋರ್ಚುಗೀಸರ ಹಡಗುಗಳು ಅಮೆರಿಕ ಖಂಡದ ಬೆಳೆಗಳನ್ನು ತಂದವು. ಸೋಮೇಶ್ವರನಿಗೆ ಮೆಣಸಿನಕಾಯಿ ಗೊತ್ತಿರಲಿಲ್ಲ. ಮಾಂಸವನ್ನು ಮೆತ್ತಗೆ ಮಾಡಲು ಇಂದು ಬಳಸುವ ಪಪ್ಪಾಯಿಕಾಯಿಯೂ ಗೊತ್ತಿರಲಿಲ್ಲ. ಅವನ ಅಡಿಗೆಯ ಖಾರವೆಲ್ಲ ಕಾಳುಮೆಣಸು, ಶುಂಠಿ, ಸಾಸಿವೆ, ಇಂಗುಗಳದ್ದು. ಕಾಳುಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಸಾಗರದ ಪಕ್ಕದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಹದಿನಾರನೆಯ ಶತಮಾನದ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಾಳಿನ ಕಾರಣದಿಂದಲೇ.

ಕೆಳದಿಯಲ್ಲಿ ಬೇರೆಯೇ ತಟ್ಟೆ

ಇನ್ನು ಬಯಲುಸೀಮೆಯ ಕಲ್ಯಾಣವನ್ನು ಬಿಟ್ಟು ಮಲೆನಾಡಿಗೆ ಬರೋಣ. ಸಾಗರದ ಸಮೀಪ ವರದಹಳ್ಳಿ ಇದೆ. ಶ್ರೀಧರ ಸ್ವಾಮಿಗಳು 1973ರಲ್ಲಿ ಸಮಾಧಿಸ್ಥರಾದ ಆಶ್ರಮ ಇರುವುದು ಇಲ್ಲಿಯೇ. ಮಾಂಸದ ಸೋಂಕಿಲ್ಲದ ಈ ನೆಲದ ಹೆಸರನ್ನು ಕಬಾಬಿನ ಲೇಖನದಲ್ಲಿ ತರುವುದು ಸರಿಯೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ವರದಹಳ್ಳಿಯ ಸುತ್ತಲಿನ ಈ ನಾಡೇ ಮಾನಸೋಲ್ಲಾಸಕ್ಕೆ ಒಂದು ಉತ್ತರವನ್ನು ಬರೆಯಿತು.

ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ. ಹದಿನೇಳನೆಯ ಶತಮಾನದಲ್ಲಿ ಕೆಳದಿ ಅರಸರ ರಾಜಧಾನಿಯಾದ ಬಿದನೂರು ಹೊಸನಗರ ತಾಲ್ಲೂಕಿನ ಈಗಿನ ನಗರ. ಈ ವಂಶದ ಬಸವಪ್ಪ ನಾಯಕ 1709ರ ಸುಮಾರಿಗೆ ಶಿವತತ್ತ್ವರತ್ನಾಕರ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಮಗ ಸೋಮಶೇಖರನಿಗೆ ತಂದೆ ಹೇಳಿಕೊಡುವಂತೆ ಅದರ ನಿರೂಪಣೆಯಿದೆ. ಒಂಬತ್ತು ಕಲ್ಲೋಲಗಳ ಈ ಗ್ರಂಥ ಮಾನಸೋಲ್ಲಾಸದ ಮಾದರಿಯಲ್ಲಿಯೇ ಸಾಗುತ್ತದೆ. ಅದರಿಂದ ಸಾಕಷ್ಟು ವಿಷಯವನ್ನು ತೆಗೆದುಕೊಳ್ಳುತ್ತದೆ. ಇಲ್ಲಿಯೂ ಪಾಕಶಾಸ್ತ್ರವಿದೆ, ಒಲೆ ಪಾತ್ರೆಗಳ ಮಾತಿದೆ. ಆದರೆ ಕೆಳದಿ ಅರಸರು ವೀರಶೈವರು. ಶೂಲದ ಮೇಲಿನ ಹಕ್ಕಿ ಅವರ ತಟ್ಟೆಯ ವಸ್ತುವಾಗಿರಲಿಲ್ಲ.

ಈ ಬದಲಾವಣೆಯ ಬೀಜ ಬಿದ್ದದ್ದೂ ಕಲ್ಯಾಣದಲ್ಲಿಯೇ. ಸೋಮೇಶ್ವರ ತೀರಿಕೊಂಡು ಮೂವತ್ತು ವರ್ಷ ತುಂಬುವುದರೊಳಗೆ ಅದೇ ಊರಿನಲ್ಲಿ, ಬಿಜ್ಜಳನ ಕಾಲದಲ್ಲಿ, ದಯೆಗೆ ಧರ್ಮದಲ್ಲಿ ಮೊದಲ ಸ್ಥಾನ ಕೊಟ್ಟ ಬಸವಣ್ಣ ಮತ್ತು ಶರಣರ ಚಳವಳಿ ನಡೆಯಿತು. ಜೈನರ ಅಹಿಂಸೆಯಂತೂ ಕನ್ನಡ ನಾಡಿನಲ್ಲಿ ಅದಕ್ಕಿಂತ ಹಳೆಯದು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಜೈನ ಕವಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ಸೂಪಶಾಸ್ತ್ರ ಸಸ್ಯಾಹಾರದ ಪಾಕಗ್ರಂಥ. ಆದುದರಿಂದ ಕರ್ನಾಟಕದ ಊಟದ ಇತಿಹಾಸ ಒಂದೇ ತಟ್ಟೆಯ ಇತಿಹಾಸವಲ್ಲ. ಕೆಂಡದ ಮೇಲೆ ಹಕ್ಕಿ ಸುಟ್ಟವರೂ ನಮ್ಮವರೇ, ಸುಡಬಾರದೆಂದವರೂ ನಮ್ಮವರೇ.

ಅರಮನೆಯಲ್ಲಿ ಬೇಡವಾದರೂ ಮಲೆನಾಡಿನ ಕಾಡಿನಂಚಿನ ಮನೆಗಳಲ್ಲಿ ಬೇಟೆ ನಿಲ್ಲಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ಕಾನೂರು ಹೆಗ್ಗಡಿತಿ ಕಾದಂಬರಿಯನ್ನು ಓದಿದವರಿಗೆ ಕೋವಿ, ಬೇಟೆನಾಯಿ, ಹಂಚಿಕೆಯ ಪಾಲು ಎಷ್ಟು ಸಹಜವಾಗಿ ದಿನದ ಬದುಕಿನಲ್ಲಿ ಬೆರೆತಿದ್ದವೆಂದು ಗೊತ್ತು. ಆ ಕಾದಂಬರಿ ಪ್ರಕಟವಾದದ್ದು 1936ರಲ್ಲಿ.

ಕೆಂಡದ ವಿಜ್ಞಾನ

ಇಷ್ಟು ಇತಿಹಾಸದ ನಂತರ ಒಲೆಯ ಹತ್ತಿರ ಬರೋಣ. ಸೌದೆಯ ಉರಿ ಬಿಟ್ಟು ಇದ್ದಿಲೇ ಏಕೆ ಬೇಕು? ಸೌದೆಯನ್ನು ಗಾಳಿ ಹೆಚ್ಚು ಸೋಕದಂತೆ ಕಾಯಿಸಿದಾಗ ಅದರಲ್ಲಿನ ನೀರು ಮತ್ತು ಆವಿಯಾಗುವ ದ್ರವ್ಯಗಳು ಹೊರಟುಹೋಗುತ್ತವೆ. ಉಳಿಯುವುದು ಬಹುಪಾಲು ಇಂಗಾಲ. ಅದು ಜ್ವಾಲೆ ಮತ್ತು ಹೊಗೆ ಕಡಿಮೆ ಮಾಡಿ, ಕೆಂಪಾಗಿ ಉರಿದು, ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಬೀರುತ್ತದೆ. ಈ ಶಾಖ ಮಾಂಸದ ಮೇಲ್ಮೈಯನ್ನು ಬೇಗ ಒಣಗಿಸಿ 140 ಡಿಗ್ರಿ ಸೆಲ್ಸಿಯಸ್‌ಗೂ ಮೇಲಕ್ಕೆ ಏರಿಸುತ್ತದೆ. ಆಗ ಅಮೈನೊ ಆಮ್ಲಗಳೂ ಸಕ್ಕರೆಗಳೂ ಸೇರಿ ಕಂದುಬಣ್ಣ ಮತ್ತು ಘಮವನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ ಇದನ್ನು 1912ರಲ್ಲಿ ವಿವರಿಸಿದ. ನೀರಿನಲ್ಲಿ ಬೇಯಿಸಿದ ಮಾಂಸ 100 ಡಿಗ್ರಿಯನ್ನು ದಾಟದ ಕಾರಣ ಅದಕ್ಕೆ ಈ ಘಮ ಬರುವುದಿಲ್ಲ.

ಕಾಡುಹಕ್ಕಿಯ ಮಾಂಸವನ್ನು ಕೊಚ್ಚುವುದಕ್ಕೂ ಕಾರಣವಿದೆ. ಓಡಾಡಿ ಬೆಳೆದ ಹಕ್ಕಿಯ ಸ್ನಾಯು ಗಟ್ಟಿ, ಕೊಬ್ಬು ಕಡಿಮೆ. ಇಡಿಯಾಗಿ ಸುಟ್ಟರೆ ನಾರಾಗಿ ಒಣಗುತ್ತದೆ. ಕೊಚ್ಚಿದರೆ ನಾರು ತುಂಡಾಗುತ್ತದೆ. ಉಪ್ಪು ಹಾಕಿ ಚೆನ್ನಾಗಿ ನಾದಿದಾಗ ಮಯೋಸಿನ್ ಎಂಬ ಪ್ರೋಟೀನು ಹೊರಬಂದು ಅಂಟಾಗಿ, ಮಾಂಸ ಕಂಬಿಯನ್ನು ಹಿಡಿದುಕೊಳ್ಳುತ್ತದೆ. ಕೊಬ್ಬಿನ ಕೊರತೆಯನ್ನು ತುಪ್ಪ ತುಂಬುತ್ತದೆ.

ಇದನ್ನು ಮಾಡಿ ನೋಡಬೇಕೆನ್ನುವವರು ಸಾಕಿದ ಹಕ್ಕಿಯನ್ನು ಬಳಸಬೇಕು. ನಾಟಿ ಕೋಳಿಯ ಅಥವಾ ಫಾರಂನಲ್ಲಿ ಸಾಕಿದ ಜಪಾನಿ ಬುರ್ಲಿಯ ಎಲುಬಿಲ್ಲದ ಮಾಂಸ ಅರ್ಧ ಕಿಲೋ ಇರಲಿ. ಕತ್ತಿಯಿಂದ ಸಣ್ಣಗೆ ಕೊಚ್ಚಿ, ಒಂದೂವರೆ ಚಮಚ ಉಪ್ಪು, ಒಂದು ಚಮಚ ಕುಟ್ಟಿದ ಕಾಳುಮೆಣಸು, ಜಜ್ಜಿದ ಶುಂಠಿ, ಚಿಟಿಕೆ ಇಂಗು, ಎರಡು ಚಮಚ ಗಟ್ಟಿ ತುಪ್ಪ, ಎರಡು ಚಮಚ ಹುರಿಗಡಲೆ ಹಿಟ್ಟು ಸೇರಿಸಿ ಅಂಟು ಬರುವವರೆಗೆ ನಾದಿ. ಅರ್ಧ ಗಂಟೆ ತಣ್ಣಗಿಟ್ಟು, ಒದ್ದೆ ಕೈಯಿಂದ ಕಂಬಿಗೆ ತೆಳುವಾಗಿ ಒತ್ತಿ. ಇದ್ದಿಲ ಜ್ವಾಲೆ ಅಡಗಿ ಮೇಲೆ ಬಿಳಿ ಬೂದಿ ಕಟ್ಟಿದ ಮೇಲೆಯೇ ಕಂಬಿಯನ್ನು ಇಡಬೇಕು. ತಿರುಗಿಸುತ್ತ ಹತ್ತು ಹನ್ನೆರಡು ನಿಮಿಷ ಸುಟ್ಟರೆ ಸಾಕು. ಕೊಚ್ಚುವಾಗ ಮೇಲ್ಮೈಯ ಸೂಕ್ಷ್ಮಜೀವಿಗಳು ಒಳಗೂ ಬೆರೆಯುವುದರಿಂದ, ನಡುಭಾಗ ಹಸಿ ಉಳಿಯದೆ 74 ಡಿಗ್ರಿಯವರೆಗೆ ಬೇಯಬೇಕು. ಕಪ್ಪಗೆ ಕರಕಲಾಗಿಸಬೇಡಿ. ಹಾಗೆಯೇ, ಇದ್ದಿಲನ್ನು ಮುಚ್ಚಿದ ಕೋಣೆಯಲ್ಲಿ ಉರಿಸಬೇಡಿ. ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯಬಲ್ಲದು.

ಇದ್ದಿಲು ಕೂಡ ಕಾಡಿನದೇ ಎಂಬುದು ನೆನಪಿರಲಿ. ನಮ್ಮ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಊದುಕುಲುಮೆ ಉರಿದದ್ದು ಕಾಡಿನ ಸೌದೆಯಿಂದ ಮಾಡಿದ ಇದ್ದಿಲಿನಿಂದ. ಹಕ್ಕಿಯೂ ಇದ್ದಿಲೂ ಒಂದೇ ಕಾಡಿನ ಖಾತೆಗೆ ಸೇರಿದ ಖರ್ಚು.

ಹಕ್ಕಿಯ ಲೆಕ್ಕ

ಆ ಖರ್ಚಿಗೆ ಕಡಿವಾಣ ಹಾಕುವ ಯೋಚನೆ ಹೊಸದಲ್ಲ. ತನ್ನ ಅಡಿಗೆಮನೆಯಲ್ಲಿ ಸಾವಿರಾರು ಪ್ರಾಣಿಗಳ ವಧೆ ನಿಂತು ಎರಡು ನವಿಲು, ಒಂದು ಜಿಂಕೆಯಷ್ಟೇ ಉಳಿದಿದೆ, ಮುಂದೆ ಅವೂ ಇರುವುದಿಲ್ಲ ಎಂದು ಅಶೋಕ ತನ್ನ ಮೊದಲನೆಯ ಶಿಲಾಶಾಸನದಲ್ಲಿ ಹೇಳಿಕೊಂಡ. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆ ಮತ್ತು ಮೀನುಗಾರಿಕೆಯನ್ನು ನಿಯಂತ್ರಿಸುವ ಕಾಯಿದೆ ಬಂತು. ನವಿಲು 1963ರಲ್ಲಿ ರಾಷ್ಟ್ರಪಕ್ಷಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ದೇಶಕ್ಕೆಲ್ಲ ಒಂದು ಚೌಕಟ್ಟು ಕೊಟ್ಟಿತು. 1991ರ ತಿದ್ದುಪಡಿ ಪರವಾನಗಿ ಪಡೆದು ಬೇಟೆಯಾಡುವ ಅವಕಾಶವನ್ನೂ ತೆಗೆದುಹಾಕಿತು. ಕಾಡುಕೋಳಿಯನ್ನಾಗಲಿ ಗೌಜಲಹಕ್ಕಿಯನ್ನಾಗಲಿ ಕೊಂದರೆ ಅದು ಶಿಕ್ಷಾರ್ಹ ಅಪರಾಧ.

ಕಾಯಿದೆಯ ಹಿಂದೆ ದಯೆಯ ಜತೆಗೆ ಲೆಕ್ಕವೂ ಇದೆ. ಮಲೆನಾಡಿನ ಬೂದು ಕಾಡುಕೋಳಿ ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇಲ್ಲ. ಅದರ ಕತ್ತಿನ ಹೊಳೆಯುವ ಗರಿಗಳು ಒಂದು ಕಾಲದಲ್ಲಿ ಬ್ರಿಟನ್ನಿಗೆ ಹೋಗಿ, ಮೀನಿನ ಗಾಳಕ್ಕೆ ಕಟ್ಟುವ ಕೃತಕ ನೊಣಗಳಾಗುತ್ತಿದ್ದವು. 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇನ್ನೊಂದು ಅಚ್ಚರಿಯನ್ನು ಬಯಲಿಗೆ ತಂದರು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಅನೇಕ ಸಾಕುಕೋಳಿಗಳ ಹಳದಿ ಚರ್ಮದ ವಂಶವಾಹಿ ಬಂದಿರುವುದು ಬೂದು ಕಾಡುಕೋಳಿಯಿಂದ. ನಿಮ್ಮ ಹಿತ್ತಿಲ ಕೋಳಿಯ ಹಳದಿ ಕಾಲು ನಮ್ಮ ಪಕ್ಕದ ಕಾಡಿನ ಕಾಣಿಕೆ! ಇಂಥ ಹಕ್ಕಿ ಅಳಿದರೆ ನಾಳೆ ಯಾವ ಗುಣಕ್ಕಾಗಿ ಅದನ್ನು ನೆನೆಯಬೇಕಾದೀತೋ ಯಾರೂ ಹೇಳಲಾರರು. ಕೋವಿಯ ಹೊರತಾಗಿ ಬೇರೆ ಕಾರಣಗಳಿಂದಲೂ ಅದರ ನೆಲೆ ಕುಗ್ಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ವಿಶಾಲ ಕಾಡು ನೀರಿನಡಿ ಸೇರಿತು.

ಈಗ ಉಳಿದಿರುವ ಕೆಲಸ

ಬೇಟೆ ನಿಂತದ್ದು ಒಳ್ಳೆಯದಾಯಿತು. ಆದರೆ ಅದರ ಜತೆಗೆ ನಮ್ಮ ಕೈಜಾರುತ್ತಿರುವ ಒಂದು ಸಂಪತ್ತಿದೆ. ಅದು ಹಕ್ಕಿಯ ತಿಳಿವಳಿಕೆ. ಯಾವ ಹಕ್ಕಿ ಯಾವ ತಿಂಗಳಲ್ಲಿ ಗೂಡು ಕಟ್ಟುತ್ತದೆ, ಯಾವ ಹಣ್ಣಿಗೆ ಬರುತ್ತದೆ, ಎಂಥ ಕೂಗು ಹಾಕುತ್ತದೆ ಎಂಬುದು ಹಳೆಯ ಬೇಟೆಗಾರನಿಗೆ ಗೊತ್ತಿತ್ತು. ಅವನ ಮೊಮ್ಮಗನಿಗೆ ಹಕ್ಕಿಯೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಗೌಜಲಹಕ್ಕಿ ಎಂಬ ಹೆಸರನ್ನೇ ನೋಡಿ. ಹಕ್ಕಿಗಳ ಪುಸ್ತಕದಲ್ಲಿ ಅದು ಒಂದು ಹಕ್ಕಿ, ಮಾಂಸದ ಅಂಗಡಿಯ ಫಲಕದಲ್ಲಿ ಅದೇ ಹೆಸರು ಸಾಕಿದ ಬುರ್ಲಿಗೆ. ಒಂದು ಹೆಸರು ಹೀಗೆ ಸಡಿಲವಾದಾಗ ಅದರ ಹಿಂದಿನ ಕಾಡಿನ ನೆನಪೂ ಸಡಿಲವಾಗುತ್ತದೆ.

ಸೋಮೇಶ್ವರ ಬರೆಸಿದ್ದರಿಂದಲೇ ಭಡಿತ್ರಕ ನಮಗೆ ಗೊತ್ತಾಯಿತು. ಬಸವಪ್ಪ ನಾಯಕ ಬರೆದದ್ದರಿಂದಲೇ ಮಲೆನಾಡಿನ ಅರಮನೆಯ ಊಟ ಬೇರೆಯಾಗಿತ್ತೆಂದು ಗೊತ್ತಾಯಿತು. ಬರೆದಿಡದ ಅಡಿಗೆಗಳು, ಹೆಸರುಗಳು ಹೇಳಿದವರೊಂದಿಗೇ ಹೋದವು. ಆದುದರಿಂದ ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಊರಿನ ಎಂಬತ್ತು ದಾಟಿದ ಇಬ್ಬರು ಹಿರಿಯರ ಬಳಿ ಕುಳಿತು, ಅವರು ಕಂಡ ಹಕ್ಕಿಗಳ ಹೆಸರು, ಕೂಗು, ಋತು, ಅವರ ಮನೆಯಲ್ಲಿ ಕೆಂಡದ ಮೇಲೆ ಸುಡುತ್ತಿದ್ದ ಪದಾರ್ಥಗಳು ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಅದು ಹಕ್ಕಿಯೇ ಆಗಬೇಕೆಂದಿಲ್ಲ, ಗೆಣಸಾಗಲಿ, ಹಲಸಿನ ಬೀಜವಾಗಲಿ, ಎಲ್ಲಕ್ಕೂ ಬೆಲೆಯಿದೆ. ಹೇಳಿದವರ ಮಾತನ್ನು ತಿದ್ದದೆ ಅವರ ನುಡಿಯಲ್ಲಿಯೇ ಬರೆಯಿರಿ. ಆಮೇಲೆ ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯ ಮಂಡಗದ್ದೆಯಲ್ಲಿ ಇಳಿದು, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳನ್ನು ದಡದಿಂದಲೇ ನೋಡಿ. ಹಿರಿಯರು ಹೇಳಿದ ಹೆಸರುಗಳಲ್ಲಿ ಎಷ್ಟನ್ನು ಗುರುತಿಸಬಲ್ಲಿರಿ ಎಂದು ಪರೀಕ್ಷಿಸಿಕೊಳ್ಳಿ. ಗುರುತಿಸಲಾಗದ ಹೆಸರುಗಳ ಪಟ್ಟಿಯನ್ನು ಹಿಡಿದು ಮತ್ತೊಮ್ಮೆ ಅವರ ಬಳಿಗೆ ಹೋಗಿ.